ಶೆಡ್ಡಿಗಿಂತ ಮೊದಲು ದಾರಿ: ಶಿರಸಿ ಕಡೆಯ ಒಂದು ಮನೆ ವರ್ಕ್‌ಶಾಪ್

ಮನೆ ಪಕ್ಕ ಒಂದು ಗ್ಯಾರೇಜ್ ಆಗಬೇಕು, ಅದರಲ್ಲೇ ವರ್ಕ್‌ಶಾಪೂ ಇರಬೇಕು, ರಸ್ತೆಯಿಂದ ಅಲ್ಲಿಯವರೆಗೆ ಗಾಡಿ ಇಳಿಯುವ ದಾರಿಯೂ ಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ. ಜುಲೈ ತಿಂಗಳಲ್ಲಿ ಆ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಶೆಡ್ಡಿನ ಉದ್ದ ಅಗಲ, ಶಟರು, ಬೆಂಚು, ಇವೆಲ್ಲ ಆಮೇಲಿನ ಮಾತು. ನಮ್ಮ ಇಳಿಜಾರು ಜಾಗಗಳಲ್ಲಿ ಗಾಡಿ ಇಳಿಯುವ ಕಡೆಯೇ ನೀರೂ ಇಳಿಯುತ್ತದೆ. ಇವೆರಡನ್ನೂ ಬೇರೆ ಮಾಡದೆ ಕಟ್ಟಿದ ಎಷ್ಟೋ ಶೆಡ್ಡುಗಳು ನಮ್ಮ ಸುತ್ತಮುತ್ತ ಇವೆ. ಜೂನ್ ಬಂತೆಂದರೆ ಬಾಗಿಲಿಗೆ ಮರಳಿನ ಚೀಲ ಒಟ್ಟುತ್ತಾರೆ.

ಇಲ್ಲಿ ಬರೆಯುತ್ತಿರುವುದು ಭಾವನ ಮನೆಯ ಕೆಲಸದ ಬಗ್ಗೆ. ಅವರು ನನ್ನ ದೊಡ್ಡಮ್ಮನ ಅಳಿಯ. ನಾನು ಸಿವಿಲ್ ಕೆಲಸ ಮಾಡುವವನಾದ್ದರಿಂದ ಲೆಕ್ಕ, ಮಟ್ಟ, ಉಸ್ತುವಾರಿ ನನ್ನ ಪಾಲಿಗೆ ಬಂತು. ಮನೆ ಇರುವುದು ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ. ಪಂಚಾಯ್ತಿಯ ಡಾಂಬರು ರಸ್ತೆ ಮೇಲೆ, ಮನೆ ನಡುವೆ, ಅಡಿಕೆ ತೋಟ ಕೆಳಗೆ. ಭಾವನಿಗೆ ಮಷಿನ್ ರಿಪೇರಿ ಅಂದರೆ ಜೀವ. ಅಡಿಕೆ ಸುಲಿಯುವ ಮಷಿನ್ನು, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಷಿನ್ನು, ಒಂದು ಹಳೇ ಜೀಪು, ಒಂದು ಪಿಕಪ್, ಒಂದು ಸಣ್ಣ ಕಾರು, ಎಲ್ಲದರ ಕೆಲಸವೂ ಅವರದ್ದೇ. ಅಕ್ಕಪಕ್ಕದ ಮನೆಯವರೂ ಪಂಪು ಹೊತ್ತುಕೊಂಡು ಬರುತ್ತಾರೆ. ಇಷ್ಟು ವರ್ಷ ಇದೆಲ್ಲ ನಡೆದದ್ದು ಹಳೇ ಕೊಟ್ಟಿಗೆಯ ಮಾಡಿನ ಕೆಳಗೆ, ಮಣ್ಣು ನೆಲದ ಮೇಲೆ. ಬಿದ್ದ ನಟ್ಟು ಸಿಗುತ್ತಿರಲಿಲ್ಲ. ಜ್ಯಾಕ್ ಕೊಟ್ಟರೆ ಹೂತು ಹೋಗುತ್ತಿತ್ತು.

ಜಾಗ ಹೇಗಿತ್ತು

ರಸ್ತೆಯ ಅಂಚಿಗೂ ಅಂಗಳಕ್ಕೂ 7 ಅಡಿ ಎತ್ತರದ ವ್ಯತ್ಯಾಸ. ಹಳೇ ಮಣ್ಣಿನ ದಾರಿ ರಸ್ತೆಯಿಂದ ನೆಟ್ಟಗೆ 45 ಅಡಿಯಲ್ಲಿ ಅಂಗಳಕ್ಕೆ ಇಳಿಯುತ್ತಿತ್ತು. ಅಂದರೆ ಆರೂವರೆ ಅಡಿ ಮುಂದೆ ಹೋದರೆ ಒಂದಡಿ ಇಳಿತ. ಬೇಸಿಗೆಯಲ್ಲಿ ಇದೇನೂ ದೊಡ್ಡದಲ್ಲ ಅನಿಸುತ್ತದೆ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಲೋಡು ತುಂಬಿದ ಪಿಕಪ್ಪನ್ನು ಹಿಂದಕ್ಕೆ ಹತ್ತಿಸಿ ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಚಕ್ರ ಹೊರಳಿ ಹೊರಳಿ ಎರಡು ಗಾಲಿ ಹೊಂಡ ಬೀಳುತ್ತದೆ, ಆ ಹೊಂಡವೇ ಕಾಲುವೆಯಾಗಿ ರಸ್ತೆಯ ನೀರನ್ನೆಲ್ಲ ಸೀದಾ ಅಂಗಳಕ್ಕೆ ತಂದು ಸುರಿಯುತ್ತದೆ.

ಒಂದು ಬದಿಗೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಅದರ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದಲ್ಲಿ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಮನೆಯವರಿಗೆ ಇರುತ್ತದೆ ಹೊರತು ಮಣ್ಣು ಕಡಿಯುವ, ಕಟ್ಟುವ ಹಕ್ಕು ಇರುವುದಿಲ್ಲ. ಹಾಗಾಗಿ ಏನೇ ಮಾಡಿದರೂ ಮಾಲ್ಕಿ (ಸ್ವಂತ ಜಾಗದ) ಗಡಿಯೊಳಗೇ ಮಾಡಬೇಕು. ಗಡಿ ಕಲ್ಲು ಎಲ್ಲಿದೆ ಅಂತ ಮೊದಲು ನೋಡಿಕೊಂಡು, ಅಲ್ಲಿಂದ ಈಚೆ ಸಾಕಷ್ಟು ಜಾಗ ಬಿಟ್ಟೇ ಗೆರೆ ಹಾಕಿದೆವು. ಕಟ್ಟಡಕ್ಕೆ ಪಂಚಾಯ್ತಿ ಪರವಾನಗಿ, ರಸ್ತೆ ಪಕ್ಕದ ಗಟಾರದ ಮೇಲೆ ಪೈಪು ಹಾಕಿ ದಾಟಲಿಕ್ಕೆ ಒಪ್ಪಿಗೆ, ಎರಡನ್ನೂ ಮಣ್ಣು ಮುಟ್ಟುವ ಮೊದಲೇ ತೆಗೆದುಕೊಂಡದ್ದು. ಶೆಡ್ ಕಟ್ಟುವ ಜಾಗ ಇನ್ನೂ ಕೃಷಿ ಜಮೀನಾಗಿಯೇ ಇದ್ದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಬದಲಿಸುವ) ವಿಚಾರವನ್ನೂ ಮೊದಲೇ ಕೇಳಿಕೊಳ್ಳಬೇಕು. ಇಲ್ಲಿ ಮನೆಯ ಜಾಗದಲ್ಲೇ ಹಿಡಿಸಿತು.

ಧರೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೇಲೆ ಗಟ್ಟಿ ಕೆಂಪು ಕಲ್ಲು, ಅದರ ಕೆಳಗೆ ಶೇಡಿ ಮಣ್ಣು (ಬಿಳಿಚು ಬಣ್ಣದ ನುಣುಪು ಜೇಡಿ), ಇದು ನಮ್ಮ ಕಡೆ ಬಹಳ ಕಡೆ ಕಾಣುವ ರಚನೆ. ಶೇಡಿ ಒಣಗಿದಾಗ ಗಟ್ಟಿ. ನೀರು ಕುಡಿದರೆ ಜಾರುತ್ತದೆ. ಜೆಸಿಬಿಯವನು ಬಂದು ಧರೆಯ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಕೊಟ್ಟರೆ ಜಾಗ ದೊಡ್ಡದಾಗಿ ಕಾಣುತ್ತದೆ, ಮನೆಯವರಿಗೂ ಖುಷಿ. ಆದರೆ ಮೇಲಿನ ಭಾರಕ್ಕೆ ಇದ್ದ ಆಧಾರ ಹೋಯಿತು ಅಂತಲೇ ಲೆಕ್ಕ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಇಳಿದು ಬಂತು, ಜೀವಗಳು ಹೋದವು. ಅವು ದೊಡ್ಡ ಗುಡ್ಡಗಳು, ನಮ್ಮದು ಮನೆ ಹಿಂದಿನ ಸಣ್ಣ ಧರೆ, ನಿಜ. ಆದರೂ ನೀರು ಕುಡಿದ ಮಣ್ಣಿನ ಸ್ವಭಾವ ಒಂದೇ ಅಲ್ವಾ? ಅದಕ್ಕೇ ಧರೆಯನ್ನು ಎಲ್ಲೂ 5 ಅಡಿಗಿಂತ ಹೆಚ್ಚು ಕಡಿಯಲಿಲ್ಲ. ಕಡಿದಲ್ಲೂ ಹಿಂದಕ್ಕೆ ವಾಲಿಸಿ ಕಡಿದು, ಬುಡಕ್ಕೆ ಕಾಡುಗಲ್ಲಿನ ಗೋಡೆ ಕಟ್ಟಿ, ಗೋಡೆಯಲ್ಲಿ ನೀರು ಹೊರಬರಲು ಅಲ್ಲಲ್ಲಿ ಪೈಪಿನ ತುಂಡು ಇಟ್ಟು, ಹಿಂದೆ ಜಲ್ಲಿ ತುಂಬಿಸಿದೆವು. ಧರೆಯ ತಲೆಯ ಮೇಲೆ, ನಮ್ಮ ಗಡಿಯೊಳಗೇ, ಅಡ್ಡಕ್ಕೆ ಒಂದು ಕಾಲುವೆ ತೋಡಿ ಬೆಟ್ಟದಿಂದ ಇಳಿಯುವ ನೀರನ್ನು ಬದಿಗೆ ತಿರುಗಿಸಿದೆವು. ಈ ಕಾಲುವೆಗೆ ತಗುಲಿದ ಖರ್ಚು ತೀರಾ ಕಮ್ಮಿ. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಕಾರಿಯಾದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ದಾರಿಯ ಲೆಕ್ಕ

ಗಾಡಿ ದಾರಿಗೆ 10 ಅಡಿಗೆ 1 ಅಡಿ ಇಳಿತ ಆರಾಮ. 8ಕ್ಕೆ 1 ನಡೆಯುತ್ತದೆ. 6ರ ಹತ್ತಿರ ಬಂದರೆ ನಮ್ಮ ಮಳೆಗೆ ಅಪಾಯ. ಹಾಗಾದರೆ 45 ಅಡಿಯ ನೆಟ್ಟನೆ ದಾರಿಯನ್ನು ಬಿಡಲೇಬೇಕಿತ್ತು.

ಎರಡು ಉಪಾಯ ಮಾಡಿದೆವು. ಒಂದು, ವರ್ಕ್‌ಶಾಪಿನ ನೆಲವನ್ನು ಅಂಗಳದ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿ ಇಟ್ಟದ್ದು. ಆಗ ಇಳಿಯಬೇಕಾದದ್ದು 7 ಅಡಿಯ ಬದಲು ಐದೂವರೆ ಅಡಿ. ಎರಡು, ದಾರಿಯನ್ನು ಕೊಟ್ಟಿಗೆಯ ಹಿಂದಿನಿಂದ ಬಳಸಿ ತಂದದ್ದು. ಒಟ್ಟು 70 ಅಡಿ ಉದ್ದ ಸಿಕ್ಕಿತು. ಅದರಲ್ಲಿ ರಸ್ತೆ ಕಡೆಯ 5 ಅಡಿ ಹೆಚ್ಚೂಕಡಿಮೆ ಮಟ್ಟ, ಶೆಡ್ಡಿನ ಮುಂದಿನ 10 ಅಡಿ ಬೇರೆ ಲೆಕ್ಕ, ಉಳಿದ 55 ಅಡಿಯಲ್ಲಿ ಐದೂವರೆ ಅಡಿ ಇಳಿತ. ಹತ್ತಿರ ಹತ್ತಿರ 10ಕ್ಕೆ 1. ರಸ್ತೆ ಕಡೆ ಮಟ್ಟದ ಜಾಗ ಬಿಡುವುದಕ್ಕೆ ಎರಡು ಕಾರಣ. ಮೇಲೆ ಹತ್ತಿ ಬಂದ ಗಾಡಿ ಅಲ್ಲಿ ನಿಂತು ಎರಡೂ ಬದಿ ನೋಡಿ ರಸ್ತೆಗೆ ಇಳಿಯಬಹುದು. ಕಾರಿನ ಹೊಟ್ಟೆ ನೆಲಕ್ಕೆ ತಾಗುವುದಿಲ್ಲ. ಇಳಿಜಾರು ಒಮ್ಮೆಗೇ ಶುರುವಾಗಿ ಒಮ್ಮೆಗೇ ಮುಗಿದರೆ ತಾಗಿಯೇ ತಾಗುತ್ತದೆ.

ಈ ಮಟ್ಟಗಳನ್ನೆಲ್ಲ ನೋಡಿದ್ದು ಲೆವೆಲ್ ಪೈಪಿನಲ್ಲಿ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಗುಳ್ಳೆ ಒಂದೂ ಇಲ್ಲದ ಹಾಗೆ ಬೆರಳಲ್ಲಿ ತಟ್ಟಿ ತಟ್ಟಿ ಓಡಿಸಿ, ಒಂದು ತುದಿ ರಸ್ತೆಯ ಗೂಟಕ್ಕೆ, ಇನ್ನೊಂದು ತುದಿ ಕೆಳಗಿನ ಗೂಟಕ್ಕೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ಬಿಸಿಲಲ್ಲಿ ಕಾದ ಪೈಪಿನ ಅರ್ಧ ನೆರಳಲ್ಲಿ, ಅರ್ಧ ಬಿಸಿಲಲ್ಲಿ ಇದ್ದರೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಅದಕ್ಕೆ ಬೆಳಿಗ್ಗೆ ಬೇಗ ನೋಡುವುದು ಒಳ್ಳೆಯದು. ಪ್ರತಿ 11 ಅಡಿಗೆ ಒಂದು ಗೂಟ ಹೊಡೆದು, ಗೂಟದ ಮೇಲೆ ಕೆಂಪು ಗೆರೆ ಎಳೆದು, ಆ ಗೆರೆಗಳನ್ನೇ ಕಡೆಯವರೆಗೂ ನಂಬಿ ಕೆಲಸ ಮಾಡಿದ್ದು.

ಅಗಲ 10 ಅಡಿ. ತಿರುವಿನಲ್ಲಿ 13 ಅಡಿ. ತಿರುಗುವಾಗ ಹಿಂದಿನ ಚಕ್ರ ಒಳಗಿನಿಂದ ಹಾದುಹೋಗುತ್ತದೆ, ಆ ಹೆಚ್ಚಿನ ಜಾಗ ಕೊಡದಿದ್ದರೆ ಅಂಚಿನ ಕಲ್ಲು ಮೊದಲ ವರ್ಷವೇ ಕಿತ್ತು ಬರುತ್ತದೆ.

ಮೇಲೆ ಏನು ಹಾಸುವುದು ಅನ್ನುವುದಕ್ಕೆ ಬಹಳ ಚರ್ಚೆ ಆಯಿತು. ಭಾವನಿಗೆ ಮೊದಲಿಂದಲೂ ಇಂಟರ್‌ಲಾಕ್ (ಒಂದಕ್ಕೊಂದು ಹೆಣೆದು ಕೂರುವ ಸಿಮೆಂಟ್ ಕಲ್ಲು) ಮೇಲೆ ಮನಸ್ಸು. ಮನೆಯ ಕೆಂಪು ಕಲ್ಲಿನ ಬಣ್ಣಕ್ಕೆ ಹೊಂದುತ್ತದೆ ಅಂತ. ಹೊನ್ನಾವರ ಕಡೆಯಿಂದ ಬಂದ ಮೇಸ್ತ್ರಿ ಒಪ್ಪಲಿಲ್ಲ. "ಹೆಗಡೇರೇ, ಈ ಇಳಿಜಾರಿಗೆ ಇಂಟರ್‌ಲಾಕ್ ಹಾಕೂದು ಬ್ಯಾಡ. ಎರಡು ಮಳೆಗಾಲ ಹೋದ್ರೆ ಕಲ್ಲೆಲ್ಲ ಕೆಳಗೆ ಜಾರ್ಕಂಡು ಬರ್ತದೆ" ಅಂದರು. ಅವರ ಮಾತು ಸರಿ. ಇಂಟರ್‌ಲಾಕ್ ಕಲ್ಲು ನಿಲ್ಲುವುದು ಅದರಡಿಯ ಇಂಚು, ಒಂದೂವರೆ ಇಂಚು ದಪ್ಪದ ಮರಳಿನ ಹಾಸಿನ ಮೇಲೆ. ಮಟ್ಟದ ಜಾಗದಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಇಳಿಜಾರಿನಲ್ಲಿ ಸಂದಿಗೆ ಇಳಿದ ನೀರು ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತೊಯ್ಯುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಚಕ್ರ ಕಲ್ಲನ್ನು ಕೆಳಕ್ಕೆ ನೂಕುತ್ತದೆ. ಶಿರಸಿಯಲ್ಲಿ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ, ಘಟ್ಟ ಇಳಿದರೆ ಇನ್ನೂ ಜಾಸ್ತಿ. ಕೆಳತುದಿಗೆ ಗಟ್ಟಿ ಕಾಂಕ್ರೀಟ್ ತೊಲೆ ಕೊಟ್ಟು, ಕಲ್ಲನ್ನು ಓರೆಯಾಗಿ ಹೆಣೆದು ಹಾಕಿದರೆ ನಿಲ್ಲಿಸಬಹುದು. ಆದರೆ ಅಷ್ಟು ಖರ್ಚು ಮಾಡುವ ಬದಲು ಇಳಿಜಾರಿಗೆ ಕಾಂಕ್ರೀಟ್, ಮಟ್ಟದ ಜಾಗಕ್ಕೆ ಇಂಟರ್‌ಲಾಕ್ ಅಂತ ತೀರ್ಮಾನ ಆಯಿತು. ಇಂಟರ್‌ಲಾಕ್‌ನಲ್ಲೂ 60 ಮಿಲಿಮೀಟರಿನದ್ದು ಹಗುರ ಗಾಡಿಗಳಿಗೆ ಸಾಕು. ಇಲ್ಲಿ ಲೋಡಿನ ಪಿಕಪ್ ಅಲ್ಲೇ ತಿರುಗುತ್ತದೆ, ಅದಕ್ಕೆ 80 ಮಿಲಿಮೀಟರಿನದ್ದು ತಂದೆವು.

ಹೊಂದಾಣಿಕೆ ಬಂದದ್ದು ಅಂಚಿನಿಂದ. ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ಹಾಕಿದ ಅದೇ ಕೆಂಪು ಕಲ್ಲನ್ನು ದಾರಿಯ ಎರಡೂ ಬದಿಗೆ, ಶೆಡ್ಡಿನ ಗೋಡೆಗೆ ಬಳಸಿದೆವು. ಹಾಗಾಗಿ ರಸ್ತೆಯಲ್ಲಿ ನಿಂತು ನೋಡಿದರೆ ಮನೆ, ಶೆಡ್ಡು, ದಾರಿ ಮೂರೂ ಒಟ್ಟಿಗೇ ಕಟ್ಟಿದ ಹಾಗೆ ಕಾಣುತ್ತದೆ. ಕೆಂಪು ಕಲ್ಲನ್ನೇ ಚಕ್ರ ಹೋಗುವ ಕಡೆ ಹಾಸಬಾರದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಸವೆಯುತ್ತದೆ, ನೀರು ಹೀರುತ್ತದೆ, ಮಳೆಗಾಲದಲ್ಲಿ ಹಾವಸೆ ಹಿಡಿದು ಕಾಲಿಡಲು ಆಗುವುದಿಲ್ಲ.

ಕಾಂಕ್ರೀಟು 6 ಇಂಚು ದಪ್ಪ, ಎಂ20 ಅನ್ನುವ ದರ್ಜೆಯದ್ದು. ಅಡಿಯಲ್ಲಿ ಮಣ್ಣನ್ನು ಆರೆಂಟು ಇಂಚಿನ ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ), ಮೇಲೆ ಜಲ್ಲಿ ಹಾಸು. 55 ಅಡಿಯನ್ನು 11 ಅಡಿಯ ಐದು ತುಂಡು ಮಾಡಿ, ತುಂಡುಗಳ ನಡುವೆ ಸಂದು ಬಿಟ್ಟು, ಆಮೇಲೆ ಅದಕ್ಕೆ ಡಾಂಬರು ತುಂಬಿಸಿದ್ದು. ಸಂದು ಬಿಡದಿದ್ದರೆ ಕಾಂಕ್ರೀಟು ಒಣಗಿ ಕುಗ್ಗುವಾಗ ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಇಳಿಜಾರಿನಲ್ಲಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹಾಕುತ್ತ ಬರಬೇಕು, ಮಾಲು ಗಟ್ಟಿ ಇರಬೇಕು. ಕಲಸುವವರಿಗೆ ನೀರು ಜಾಸ್ತಿ ಹಾಕಿದರೆ ಎಳೆಯಲು ಸುಲಭ, ಆದರೆ ನೀರು ಜಾಸ್ತಿಯಾದ ಕಾಂಕ್ರೀಟು ಕೆಳಕ್ಕೆ ಇಳಿದು ಕೂರುತ್ತದೆ, ಗಟ್ಟಿಯೂ ಬರುವುದಿಲ್ಲ. ಇದಕ್ಕೆ ಮಿಕ್ಸರ್ ಪಕ್ಕದಲ್ಲಿ ಯಾರಾದರೂ ನಿಂತೇ ಇರಬೇಕು.

ಮೇಲ್ಮೈ ನುಣುಪು ಮಾಡಲಿಲ್ಲ. ಹಸಿ ಇರುವಾಗಲೇ ಅರ್ಧ ಇಂಚಿನ ಪೈಪನ್ನು ಒತ್ತಿ ಓರೆ ಗೀರು ಹಾಕಿಸಿದೆವು, ನಡುವಿನಿಂದ ಎರಡೂ ಬದಿಗೆ ಇಳಿಯುವ ಹಾಗೆ. ಚಕ್ರಕ್ಕೆ ಹಿಡಿತ ಸಿಗುತ್ತದೆ, ಮಳೆ ನೀರು ದಾರಿಯುದ್ದಕ್ಕೂ ಓಡದೆ ಬದಿಯ ಚರಂಡಿಗೆ ಬೀಳುತ್ತದೆ. ಇನ್ನು ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಹಸಿ ಇಡುವುದು. ಇಳಿಜಾರಿನ ಮೇಲೆ ನೀರು ನಿಲ್ಲುವುದಿಲ್ಲ, ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸುವುದೂ ಆಗದು. ಗೋಣಿತಟ್ಟು ಹಾಸಿ, ಅದರ ಮೇಲೆ ಅಡಿಕೆ ಸೋಗೆ ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ನೆನೆಸಿದರು ಅಕ್ಕ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಹಸಿ ಇರಬೇಕು. ಇಲ್ಲಿ ಎರಡು ವಾರ ಬಿಡದೆ ನೆನೆಸಿದರು. ದಾರಿ ಇವತ್ತು ಗಟ್ಟಿಯಿದ್ದರೆ ಅದರಲ್ಲಿ ಅಕ್ಕನ ಪಾಲು ದೊಡ್ಡದು.

ನೀರಿನ ಲೆಕ್ಕ ಇಷ್ಟು ಸುಲಭ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. ದಾರಿ ಸುಮಾರು 65 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಹೊಡೆಯಿತು ಅಂದರೆ ಮೂರು ಸಾವಿರ ಲೀಟರಿಗಿಂತ ಜಾಸ್ತಿ, ದಾರಿಯ ಮೇಲೆ ಬಿದ್ದದ್ದು ಮಾತ್ರ. ರಸ್ತೆಯದ್ದು, ಧರೆಯದ್ದು ಬೇರೆ. ಅದಕ್ಕೇ ಮೂರು ನೀರಿಗೆ ಮೂರು ದಾರಿ. ರಸ್ತೆಯ ನೀರು ಗಟಾರದಲ್ಲೇ ಹೋಗಲು 18 ಇಂಚಿನ ಸಿಮೆಂಟ್ ಪೈಪು. ಸಣ್ಣ ಪೈಪು ಹಾಕಿದರೆ ದರಕು ಕಟ್ಟಿ ನೀರು ರಸ್ತೆಗೆ ಹತ್ತುತ್ತದೆ, ಒಳಗೆ ಕೈ ಹಾಕಿ ತೆಗೆಯಲೂ ಆಗುವುದಿಲ್ಲ. ಧರೆಯ ನೀರಿಗೆ ಮೇಲಿನ ಕಾಲುವೆ. ದಾರಿಯ ನೀರಿಗೆ ಬದಿಯ ಚರಂಡಿ, ಕೆಳಗೆ ಶೆಡ್ಡಿನ ಮುಂದೆ 10 ಅಡಿ ದೂರದಲ್ಲಿ ಅಡ್ಡ ಚರಂಡಿ. ಆ ಅಡ್ಡ ಚರಂಡಿಯೇ ಇಡೀ ದಾರಿಯ ಅತಿ ತಗ್ಗಿನ ಜಾಗ. ಅಲ್ಲಿಂದ ಶೆಡ್ಡಿನ ಬಾಗಿಲಿಗೆ ನೆಲ ಮತ್ತೆ ಎರಡೂವರೆ ಇಂಚಿನಷ್ಟು ಏರುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಮೇಲಿನಿಂದ ಎಷ್ಟೇ ನೀರು ಬಂದರೂ ಬಾಗಿಲು ಹತ್ತಲಾರದು.

ಶೆಡ್ಡು

ಒಳಗೆ 16 ಅಡಿ ಅಗಲ, 26 ಅಡಿ ಉದ್ದ. ಸುಮ್ನೆ ಗಾಡಿ ನಿಲ್ಲಿಸುವುದಾದರೆ 10ಕ್ಕೆ 20 ಸಾಕು. ಕೆಲಸ ಮಾಡಬೇಕಾದರೆ ಗಾಡಿಯ ಎರಡೂ ಬದಿ ಬಾಗಿಲು ಪೂರ್ತಿ ತೆರೆದು ಮನುಷ್ಯ ಬಗ್ಗಿ ಕೂರುವಷ್ಟು ಜಾಗ ಬೇಕು, ಅಂದರೆ ಕಮ್ಮಿಯೆಂದರೂ ಮೂರಡಿ. ಸಣ್ಣ ಕಾರುಗಳೆಲ್ಲ 4 ಮೀಟರಿನ ಒಳಗೆ, ಅಂದರೆ 13 ಅಡಿ. ಹಿಂದಿನ ಗೋಡೆಗೆ ಎರಡಡಿ ಅಗಲದ ಬೆಂಚು, ಅದರ ಮುಂದೆ ಓಡಾಟ, ಇಷ್ಟನ್ನೂ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ, ಕಾರನ್ನೇ ತಂದು ನಿಲ್ಲಿಸಿ ನೋಡಿ ಅಳತೆ ಖಾಯಂ ಮಾಡಿದ್ದು. ಕಾಗದದ ಮೇಲೆ ನೋಡಿದ್ದಕ್ಕಿಂತ ಒಂದಡಿ ಅಗಲ ಜಾಸ್ತಿ ಬೇಕು ಅನ್ನುವುದು ಅಲ್ಲೇ ಗೊತ್ತಾಯಿತು.

ಇನ್ನೊಂದು ಮುಖ್ಯ ವಿಷಯ. ಶೆಡ್ಡು ಪೂರ್ತಿ ಕಡಿದ ನೆಲದ ಮೇಲೆ ಇದೆ. ಧರೆ ಕಡೆ ಮಣ್ಣು ಕಡಿದು ಅಂಗಳದ ಕಡೆ ತುಂಬಿ, ಆ ಎರಡರ ಮೇಲೂ ಒಂದೇ ಕಟ್ಟಡ ಕೂರಿಸುವುದು ನಮ್ಮಲ್ಲಿ ರೂಢಿ. ಕಡಿದ ಮಣ್ಣು ಗಟ್ಟಿ, ತುಂಬಿದ ಮಣ್ಣು ಒಂದೆರಡು ಮಳೆಗಾಲ ಕೂರುತ್ತಲೇ ಇರುತ್ತದೆ, ಆಗ ಗೋಡೆ ಎರಡರ ನಡುವೆ ಸೀಳುತ್ತದೆ. ತುಂಬಿದ ಜಾಗವನ್ನು ಇಂಟರ್‌ಲಾಕ್‌ಗೆ ಬಿಟ್ಟೆವು. ಸ್ವಲ್ಪ ಕೂತರೂ ಕಲ್ಲು ಎತ್ತಿ ಮರಳು ಹಾಕಿ ಮತ್ತೆ ಕೂರಿಸಬಹುದು.

ನೆಲಕ್ಕೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಂಕ್ರೀಟು. ಆ ಹಾಳೆಯನ್ನು ಬಿಡಬೇಡಿ. ಮಳೆಗಾಲದಲ್ಲಿ ಕೆಳಗಿನಿಂದ ತೇವ ಏರುವುದನ್ನು ತಡೆಯುವುದು ಅದೊಂದೇ.

ಭಾವನಿಗೆ ಗಾಡಿಯ ಅಡಿ ನಿಂತು ಕೆಲಸ ಮಾಡುವ ಹೊಂಡ ಬೇಕಿತ್ತು. ಅದು ಬೇಡ ಅಂತ ನಾನು ಹಟ ಹಿಡಿದೆ. ನಮ್ಮ ಕಡೆ ಆಗಸ್ಟ್ ಬಂದರೆ ನೆಲದಲ್ಲೇ ಒರತೆ ಏಳುತ್ತದೆ, ಹೊಂಡ ಬಾವಿಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಪೆಟ್ರೋಲ್ ಆವಿ. ಅದು ಗಾಳಿಗಿಂತ ಭಾರ, ಹೊಂಡದಲ್ಲೇ ಇಳಿದು ನಿಲ್ಲುತ್ತದೆ. ಅಲ್ಲಿ ಒಂದು ಕಿಡಿ ಸಾಕು. ಬದಲಿಗೆ ದಾರಿ ಅಂಗಳಕ್ಕಿಂತ ಮೂರೂವರೆ ಅಡಿ ಎತ್ತರದಲ್ಲಿ ಹಾದುಹೋಗುವ ಕಡೆ ಬದಿಗೆ ಎರಡು ಕಾಂಕ್ರೀಟ್ ತೊಲೆಗಳನ್ನು ಮಟ್ಟವಾಗಿ ಚಾಚಿ, ತುದಿಗೆ ಚಕ್ರ ತಡೆಯುವ ಕಟ್ಟೆ ಕಟ್ಟಿದೆವು. ಗಾಡಿ ಅದರ ಮೇಲೆ ನಿಂತರೆ ಕೆಳಗೆ ಅಂಗಳದ ಕಡೆಯಿಂದ ಹೋಗಿ ಮಣೆ ಹಾಕಿಕೊಂಡು ಕೂತು ಆಯಿಲ್ ಬದಲಿಸಬಹುದು. ಬೆಳಕು, ಗಾಳಿ ಎರಡೂ ಇದೆ. ಜಾಗದ ಇಳಿಜಾರು ನಮಗೆ ಉಪಕಾರ ಮಾಡಿದ್ದು ಇದೊಂದು ಕಡೆ.

ಗೋಡೆ ಕೆಂಪು ಕಲ್ಲಿನದ್ದು, ಹೊರಗೆ ಗಿಲಾಯಿ (ಪ್ಲಾಸ್ಟರ್) ಇಲ್ಲ, ಒಳಗೆ ಮಾತ್ರ ಮಾಡಿಸಿದ್ದು. ಮೇಲ್ಗಡೆ ಒಂದು ಸಾಲು ಕಲ್ಲನ್ನು ಒಂದು ಬಿಟ್ಟು ಒಂದು ಇಟ್ಟು ಗಾಳಿಗೆ ಕಂಡಿ ಬಿಟ್ಟಿದ್ದೇವೆ, ಒಳಬದಿಗೆ ಸೊಳ್ಳೆ ಜಾಲರಿ. ಮಾಡಿಗೆ ಹಂಚು ಹಾಕುವ ಆಸೆ ಎಲ್ಲರಿಗೂ ಇತ್ತು. ಮಂಗಗಳ ಕಾಟದಲ್ಲಿ ಈಗ ಹಂಚು ಉಳಿಸಿಕೊಳ್ಳುವುದು ಕಷ್ಟ. ಹಾಗಾಗಿ ಅರ್ಧ ಮಿಲಿಮೀಟರ್ ದಪ್ಪದ ಗ್ಯಾಲ್ವಲ್ಯೂಮ್ (ಅಲ್ಯೂಮಿನಿಯಂ, ಸತುವಿನ ಲೇಪವಿರುವ ಉಕ್ಕಿನ) ಶೀಟು, ಇಟ್ಟಿಗೆ ಕೆಂಪು ಬಣ್ಣದ್ದು. ಸುತ್ತ ಮೂರೂವರೆ ಅಡಿ ಸೂರು ಚಾಚಿದೆ. ನಮ್ಮ ಮಳೆ ನೆಟ್ಟಗೆ ಬೀಳುವುದಲ್ಲ, ಗಾಳಿಗೆ ಓರೆಯಾಗಿ ಹೊಡೆಯುತ್ತದೆ. ಒಂದೂವರೆ ಅಡಿ ಸೂರು ಬಿಟ್ಟ ಶೆಡ್ಡಿನ ಗೋಡೆ ಸೆಪ್ಟೆಂಬರ್‌ವರೆಗೂ ಒದ್ದೆಯೇ. ಸೂರು ಸೇರಿ ಮಾಡು 75 ಚದರ ಮೀಟರ್ ಆಸುಪಾಸು. ಅದರ ನೀರು ಶುದ್ಧ, ಅದಕ್ಕೆ ಬೇರೆ ಪೈಪಿನಲ್ಲಿ ಇಂಗುಗುಂಡಿಗೆ ಬಿಟ್ಟಿದ್ದೇವೆ.

ಒಳಗಿನ ನೀರಿನ ವಿಷಯದಲ್ಲಿ ಭಾವ ಬಹಳ ಗಟ್ಟಿ ನಿಂತರು. "ಒಂದು ಹನಿ ಎಣ್ಣೆನೂ ತೋಟಕ್ಕೆ ಹೋಪ್ಲಾಗ ತಮಾ" (ಹೋಗಬಾರದು ತಮ್ಮಾ) ಅಂತ ಮೊದಲ ದಿನವೇ ಹೇಳಿದ್ದರು. ಅಂಗಳದಿಂದ ಇಳಿದ ನೀರೆಲ್ಲ ತೋಟದ ಬಸಿಗಾಲುವೆಗೇ ಸೇರುವುದು, ಕುಡಿಯುವ ಬಾವಿಯೂ ಅದೇ ಕಡೆ. ಅದಕ್ಕೆ ಶೆಡ್ಡಿನ ನೆಲ ತೊಳೆದ ನೀರು, ಅಡ್ಡ ಚರಂಡಿಯ ಶೆಡ್ಡಿನ ಕಡೆಯ ನೀರು ಒಂದು ಜೋಡಿ ತೊಟ್ಟಿಗೆ ಹೋಗುತ್ತದೆ. ಮೊದಲ ತೊಟ್ಟಿಯಿಂದ ಎರಡನೆಯದಕ್ಕೆ ನೀರು ದಾಟುವುದು ಕೆಳಕ್ಕೆ ಬಗ್ಗಿದ ಪೈಪಿನಲ್ಲಿ, ಬಾಯಿ ನೀರಿನ ಒಳಗೆ ಮುಳುಗಿರುತ್ತದೆ. ಎಣ್ಣೆ ಮೇಲೆ ತೇಲುತ್ತದೆ, ಅಡಿಯ ನೀರು ಮಾತ್ರ ದಾಟುತ್ತದೆ. ತೇಲಿದ ಎಣ್ಣೆಯನ್ನು ಆಗಾಗ ಬಟ್ಟೆಯಲ್ಲಿ ಹೀರಿ ತೆಗೆದು ಡಬ್ಬಿಗೆ ಹಾಕಬೇಕು. ಹಳೇ ಎಂಜಿನ್ ಆಯಿಲ್ಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಕೊಡುವುದು. ಮರಕ್ಕೆ, ಬೇಲಿಗೆ ಬಳಿಯುವ ಹಳೇ ಅಭ್ಯಾಸವನ್ನು ಅವರು ಬಿಟ್ಟಿದ್ದಾರೆ.

ಔಷಧಿ ಪಂಪಿಗೆ ಹೊರಗೇ ಪ್ರತ್ಯೇಕ ಜಾಗ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಔಷಧಿ ಹೊಡೆದು ಬಂದ ಪಂಪನ್ನು ತೊಳೆಯದೆ ಸ್ಪ್ಯಾನರುಗಳ ಪಕ್ಕ ಇಟ್ಟರೆ ಸ್ಪ್ಯಾನರು ಹಾಳು. ಅಡಿಕೆ ಬೆಳೆಗಾರರ ಮನೆಯ ವರ್ಕ್‌ಶಾಪಿಗೆ ಈ ಪ್ರತ್ಯೇಕ ಜಾಗ ಬೇಕೇ ಬೇಕು.

ಕರೆಂಟಿಗೆ ಮನೆಯಿಂದ ಪ್ರತ್ಯೇಕ ಲೈನು. ವೆಲ್ಡಿಂಗ್ ಮಷಿನ್ನಿಗೆ 4 ಚದರ ಮಿಲಿಮೀಟರ್ ವೈರು, ಅದಕ್ಕೆ ಬೇರೆಯದೇ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು). ಇಡೀ ಶೆಡ್ಡಿಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ನೆಲ, ಕಬ್ಬಿಣದ ಸಾಮಾನು, ಬರಿಗಾಲು ಇರುವಲ್ಲಿ ಅದಿಲ್ಲದೆ ಕರೆಂಟು ಕೊಡಲೇಬಾರದು. ಅರ್ಥಿಂಗ್ ಎರಡು ಕಡೆ. ಕೆಂಪು ಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಏಪ್ರಿಲ್ ಮೇನಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಸಿಡಿಲು ಹೊಡೆಯುವ ಹೊತ್ತೂ ಅದೇ ಅಲ್ವಾ, ಮಳೆಗಾಲ ಶುರುವಾಗುವ ಮೊದಲಿನ ಗುಡುಗು ಮಳೆಯಲ್ಲಿ.

ಬೆಂಚಿನ ಹಲಗೆ ಹಲಸಿನದು, ಹಳೇ ಮನೆ ಬಿಚ್ಚಿದಾಗ ಉಳಿದದ್ದು. ಎತ್ತರ 35 ಇಂಚು, ಭಾವನ ಎತ್ತರಕ್ಕೆ ಸರಿಯಾಗಿ. ವೈಸನ್ನು ಬೆಂಚಿನ ಕಾಲಿನ ನೇರ ಮೇಲೆ ಬಿಗಿದಿದ್ದಾರೆ, ಹಲಗೆಯ ನಡುವೆ ಬಿಗಿದರೆ ಸುತ್ತಿಗೆ ಏಟಿಗೆಲ್ಲ ಬೆಂಚು ಕುಣಿಯುತ್ತದೆ.

ಮೊದಲ ಮಳೆಗಾಲ

ಮಣ್ಣಿನ ಕೆಲಸ ದೀಪಾವಳಿ ಮುಗಿದ ಕೂಡಲೇ ಆಗಿತ್ತು. ಆಮೇಲೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗಿ ಜನ ಸಿಗಲಿಲ್ಲ, ಕೊಯ್ಲು ಮುಗಿಯುವವರೆಗೆ ಕೆಲಸ ನಿಂತಿತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರಿಂದ ತೊಂದರೆ ಆಗಲಿಲ್ಲ. ಕಾಂಕ್ರೀಟೆಲ್ಲ ಮಾರ್ಚ್ ಏಪ್ರಿಲ್‌ನಲ್ಲಿ. ಶೀಟು ಹಾಕಿದ್ದು ಮೇ ತಿಂಗಳಲ್ಲಿ. ಒಟ್ಟು ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ದಾರಿ, ಗಟಾರ, ಧರೆ ಗೋಡೆಗೇ ಹೋಗಿದೆ. ಕೇಳಿದವರಿಗೆಲ್ಲ ಆಶ್ಚರ್ಯ. ನನಗೆ ಮಾತ್ರ ಅದು ಸರಿಯಾದ ಲೆಕ್ಕ ಅಂತಲೇ ಅನಿಸುತ್ತದೆ.

ಪುನರ್ವಸು ಮಳೆ ಜೋರಾದಾಗ ಹೋಗಿ ನೋಡಿದೆ. ಬಾಗಿಲ ಹತ್ತಿರ ನೀರಿಲ್ಲ. ಅಂಗಳಕ್ಕೆ ಮೇಲಿನಿಂದ ಒಂದು ಗೆರೆ ನೀರೂ ಬಂದಿರಲಿಲ್ಲ. ಪಿಕಪ್ ಮೊದಲ ಗೇರಿನಲ್ಲಿ ಜಾರದೆ ಹತ್ತಿತು.

ತೊಂದರೆ ಕೊಟ್ಟವೂ ಇವೆ. ಅಡ್ಡ ಚರಂಡಿಯ ಮೇಲಿನ ಕಬ್ಬಿಣದ ಜಾಲರಿಗೆ ಸರಳುಗಳ ನಡುವೆ ಅರ್ಧ ಇಂಚು ಸಂದು ಇತ್ತು. ಒಂದೇ ರಾತ್ರಿಯಲ್ಲಿ ಹಲಸಿನ ಎಲೆ ಅಂಟಿಕೊಂಡು ಮುಚ್ಚಿ ಹೋಯಿತು. ಜಾಲರಿಯನ್ನು ಬಿಚ್ಚಿ, ಸಂದು ಹೆಚ್ಚು ಮಾಡಿ, ಎರಡೆರಡು ಅಡಿಯ ತುಂಡು ಮಾಡಿ, ಒಬ್ಬರೇ ಎತ್ತುವ ಹಾಗೆ ಹಿಡಿ ಬೆಸೆದರು ಭಾವ. ಅದು ಹೊಸ ಬೆಂಚಿನ ಮೇಲೆ ಆದ ಮೊದಲ ವೆಲ್ಡಿಂಗ್ ಕೆಲಸ. ತಿರುವಿನ ಅಗಲ ತುಂಡಿನಲ್ಲಿ ಒಂದು ಕೂದಲಿನಷ್ಟು ಸಣ್ಣ ಬಿರುಕು ಬಂದಿದೆ. ಚೌಕವಲ್ಲದ ಆಕಾರದ ತುಂಡಿಗೆ ಮೂಲೆಯಿಂದ ಬಿರುಕು ಹೊರಡುವುದು ಸಾಮಾನ್ಯ, ಡಾಂಬರು ತುಂಬಿಸಿದ ಮೇಲೆ ಬೆಳೆದಿಲ್ಲ. ಹಲಸಿನ ಮರದ ನೆರಳು ಬೀಳುವ ಕಡೆ ಹಾವಸೆ ಹಿಡಿಯಿತು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಬ್ಲೀಚಿಂಗ್ ಪೌಡರ್ ಹಾಕಿದರೆ ಹೋಗುತ್ತದೆ, ಮಳೆಗಾಲದಲ್ಲಿ ಎರಡು ಮೂರು ಸಲ ಮಾಡಬೇಕು. ಆ ನೀರು ತೋಟಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಸಾಮಾನಿಗೆ ತುಕ್ಕು ಹಿಡಿಯುವುದಕ್ಕೆ ಒಂದು ಮರದ ಕಪಾಟು ಮಾಡಿ ಒಳಗೆ 15 ವ್ಯಾಟಿನ ಹಳೇ ನಮೂನೆಯ ಬಲ್ಬು ಉರಿಸುತ್ತಾರೆ. ಆ ಸಣ್ಣ ಕಾವಿಗೆ ತೇವ ನಿಲ್ಲುವುದಿಲ್ಲ. ಎಲ್‌ಇಡಿ ಹಾಕಿದರೆ ಕಾವು ಸಾಲದು.

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇದನ್ನೇ ಮಾಡಹೊರಟರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಇಳಿಜಾರಿಗಿಂತ ಉಪ್ಪುಗಾಳಿ ದೊಡ್ಡ ವಿಷಯ. ಶೀಟಿನ ಕತ್ತರಿಸಿದ ಅಂಚು, ಸ್ಕ್ರೂ, ಶಟರಿನ ಕೆಳಪಟ್ಟಿ ಮೊದಲು ಹೋಗುತ್ತವೆ. ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲಿನದ್ದೇ ತನ್ನಿ. ಮಾಡಿನ ಕಬ್ಬಿಣದ ಚೌಕಟ್ಟಿಗೆ ಬಣ್ಣ ಹಚ್ಚುವ ಮೊದಲು ತುಕ್ಕು ಪೂರ್ತಿ ಕೆರೆದು ಪ್ರೈಮರ್ ಕೊಡಿ. ಮರಳು ನೆಲದಲ್ಲಿ ನೀರು ಮೇಲೇ ಸಿಗುವುದರಿಂದ ನೆಲ ಎತ್ತರಿಸುವುದು ಇನ್ನೂ ಮುಖ್ಯ, ಗಾಡಿ ಹೊಂಡದ ಮಾತೇ ಬೇಡ. ಸಮುದ್ರದ ಉಬ್ಬರ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ, ಅದನ್ನು ಮೊದಲು ವಿಚಾರಿಸಿಕೊಳ್ಳಿ.

ಭಾವನ ಕೆಲಸದಲ್ಲಿ ಇನ್ನು ಬಾಕಿ ಇರುವುದು ಆ ಎರಡು ತೊಲೆಗಳ ಮೇಲೆ ಒಂದು ಮಾಡು. ಈಗ ಬಯಲಲ್ಲೇ ಇದೆ, ಮಳೆಗಾಲದಲ್ಲಿ ಗಾಡಿಯ ಅಡಿಯ ಕೆಲಸ ನಿಲ್ಲಬೇಕಾಗುತ್ತದೆ. ಕಂಬಕ್ಕೆ ಜಾಗ ಬಿಟ್ಟು ಬೋಲ್ಟು ಹೂತಿಟ್ಟಿದ್ದೇವೆ, ಶೀಟಿನ ಅಳತೆಯೂ ಬರೆದಿಟ್ಟಿದೆ. ಈ ಸಲದ ಅಡಿಕೆ ಮಾರಿದ ಮೇಲೆ ಅದನ್ನು ಶುರುಮಾಡುತ್ತೇವೆ.